ಮುಖದ ನೋವು ಮತ್ತು ಮನಸ್ಸಿನ ಭಯ



ಹಲ್ಲುನೋವಿನ ವಿಷಯವನ್ನೆತ್ತಿಕೊಂಡು ಮಾತನಾಡುವವರು ಸಾಮಾನ್ಯವಾಗಿ ವೈದ್ಯರಾಗಿರುತ್ತಾರೆ. ನಾವು ವೈದ್ಯರಲ್ಲ, ರೋಗಿಗಳ ಪಂಗಡಕ್ಕೆ ಸೇರಿದವರು. ಅದರಲ್ಲಿಯೂ, ದಂತವೈದ್ಯರ ಹೆಸರನ್ನು ಕೇಳಿದೊಡನೆಯೇ ಅಂಗೈ ಬೆವರುವ ರೋಗಿಗಳ ಪಂಗಡಕ್ಕೆ ಸೇರಿದವರು. ಈ ಪಂಗಡ ಸಣ್ಣದೇನೂ ಅಲ್ಲ. ಧೈರ್ಯಶಾಲಿಗಳೆಂದು ಊರಲ್ಲಿ ಹೆಸರಾದ ಎಷ್ಟೋ ಮಂದಿ ಇದರೊಳಗೆ ಗುಟ್ಟಾಗಿ ಸೇರಿಕೊಂಡಿರುವರೆಂಬುದನ್ನು ನಾವು ಬಲ್ಲೆವು. ಅಂಥವರಿಗೆ ಕೆನ್ನೆಯಲ್ಲೋ ದವಡೆಯಲ್ಲೋ ನೋವು ಕಾಣಿಸಿಕೊಂಡರೆ, ಅದರ ಕಾರಣವನ್ನು ಗೊತ್ತುಮಾಡಿಕೊಳ್ಳುವ ಬಗೆ ಹೇಗೆ? ಇದೇ ಇಂದಿನ ಭಾಷಣದ ವಿಷಯ. ಈ ಪ್ರಶ್ನೆಗೆ ಉತ್ತರವನ್ನು ನಾವು ಪುಸ್ತಕದಿಂದ ಕಲಿತುದು ಸ್ವಲ್ಪ, ತಪ್ಪುಮಾಡಿ ಕಲಿತುದು ಬಹಳ.

ಮೊದಲು ನಮ್ಮ ಭಯದ ಮೂಲವನ್ನು ಹೇಳಿಬಿಡುವುದು ನ್ಯಾಯ. ನಾವು ಒಂಬತ್ತು ವರ್ಷದ ಹುಡುಗರಾಗಿದ್ದಾಗ ಒಂದು ದವಡೆಹಲ್ಲು ಹುಳುಕಾಯಿತು. ಹಿರಿಯರು ನಮ್ಮನ್ನು ಪಟ್ಟಣದ ಒಬ್ಬರಲ್ಲಿಗೆ ಕರೆದುಕೊಂಡು ಹೋದರು. ಏನು ಮಾಡುವರೆಂದು ಯಾರೂ ಹೇಳಲಿಲ್ಲ. “ಸುಮ್ಮನೆ ನೋಡುತ್ತಾರೆ ಮಗು, ಬಾಯಿ ತೆರೆ” ಎಂದರು. ಬಾಯಿ ತೆರೆದೆವು. ಇಬ್ಬರು ಭುಜಗಳನ್ನು ಒತ್ತಿಹಿಡಿದರು. ಇಕ್ಕುಳ ಒಳಕ್ಕೆ ಬಂತು. ಹಲ್ಲು ಕಿತ್ತ ನೋವು ಎರಡು ದಿನದಲ್ಲಿ ಮಾಯಿತು. “ಸುಮ್ಮನೆ ನೋಡುತ್ತಾರೆ” ಎಂಬ ಮಾತಿನ ಗಾಯ ಮಾತ್ರ ಮೂವತ್ತು ವರ್ಷ ಮಾಯಲಿಲ್ಲ. ನೋಡುವುದೆಂದರೆ ಕೀಳುವುದು ಎಂದು ಅಂದು ನಮ್ಮ ಮನಸ್ಸು ಪಾಠ ಕಲಿತುಕೊಂಡಿತು. ಈ ಪಾಠವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ನಾವು ಮುಂದೆ ಹೇಳುವುದೆಲ್ಲ ಅದನ್ನು ಮರೆಯುವುದಕ್ಕೆ ನಾವು ಪಟ್ಟ ಪಾಡಿನ ಕಥೆಯೇ ಆಗಿದೆ.

ನಲವತ್ತರ ಹತ್ತಿರ ಬಂದಾಗ ಎಡಮೇಲ್ದವಡೆಯ ಒಂದು ಹಲ್ಲು ತಣ್ಣೀರು ತಾಗಿದರೆ ಜುಮ್ಮೆನ್ನತೊಡಗಿತು. ಕೆಲವು ವಾರಗಳಲ್ಲಿ, ನೀರು ಕುಡಿದು ಮುಗಿಸಿದ ಮೇಲೂ ನೋವು ನಿಂತುಕೊಳ್ಳುವಂತಾಯಿತು. ಬಳಿಕ ಎರಡು ರಾತ್ರಿ ನಿದ್ರೆಯೇ ಇಲ್ಲ. ಮೂರನೆಯ ದಿನ ನೋವು ತಾನಾಗಿಯೇ ನಿಂತುಹೋಯಿತು. ನಮ್ಮ ಸಂತೋಷವನ್ನು ಏನೆಂದು ಹೇಳೋಣ! ಪ್ರಕೃತಿಯೇ ವಾಸಿಮಾಡಿತೆಂದು ಮನೆಯಲ್ಲಿ ಪಾಯಸ ಮಾಡಿಸಿದೆವು. ಕೆಲವು ತಿಂಗಳು ಕಳೆದ ಮೇಲೆ ಎಡಗೆನ್ನೆಯಲ್ಲಿ ಒಂದು ಬಗೆಯ ಭಾರ, ಮಂದವಾದ ನೋವು, ಎಡಮೂಗಿನಿಂದ ಮಾತ್ರ ಸ್ರಾವ, ಅದಕ್ಕೊಂದು ಕೆಟ್ಟ ವಾಸನೆ. ಇದು ನೆಗಡಿ, ಹೆಚ್ಚೆಂದರೆ ಸೈನಸ್ಸಿನ ತೊಂದರೆ ಎಂದು ನಾವೇ ತೀರ್ಮಾನಿಸಿ, ನೀಲಗಿರಿ ಎಣ್ಣೆಯ ಹಬೆ ಹಿಡಿದೆವು, ಕನ್ನಡಕವನ್ನು ಬದಲಾಯಿಸಿದೆವು, ಮೊಸರನ್ನು ಬಿಟ್ಟೆವು. ಕಡೆಗೆ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಂಡಾಗ, ಅವರು ನಮ್ಮ ಮಾತನ್ನೆಲ್ಲ ಕೇಳಿ, “ಒಂದೇ ಪಕ್ಕದಲ್ಲಿ ಮಾತ್ರವೇ? ಹಾಗಾದರೆ ಮೇಲಿನ ಹಲ್ಲುಗಳನ್ನು ಒಮ್ಮೆ ತೋರಿಸಿಕೊಂಡು ಬನ್ನಿ” ಎಂದರು. ನಾವು ಹೂಗುಟ್ಟಿ ಹೊರಟುಬಂದೆವು. ಮತ್ತೆ ಅವರ ಬಾಗಿಲಿಗೆ ಹೋಗಲಿಲ್ಲ. ಹಲ್ಲಿನ ಮಾತೆತ್ತದ ಬೇರೊಬ್ಬ ವೈದ್ಯರು ಸಿಕ್ಕಾರೆಯೇ ಎಂದು ವಿಚಾರಿಸತೊಡಗಿದೆವು!

ಭಯವೆಂಬುದು ಬುದ್ಧಿಯನ್ನು ಮಂಕುಮಾಡುತ್ತದೆಂದು ಹೇಳುವುದು ವಾಡಿಕೆ. ನಮ್ಮ ಅನುಭವ ಅದಕ್ಕೆ ವಿರೋಧವಾಗಿದೆ. ಭಯವು ಬುದ್ಧಿಯನ್ನು ಬಹಳ ಚುರುಕುಗೊಳಿಸುತ್ತದೆ. ಆದರೆ ನ್ಯಾಯಾಧೀಶನ ಸ್ಥಾನದಲ್ಲಿದ್ದ ಬುದ್ಧಿಯನ್ನು ವಕೀಲನ ಸ್ಥಾನಕ್ಕೆ ಇಳಿಸಿಬಿಡುತ್ತದೆ. ತೀರ್ಪು ಮೊದಲೇ ಸಿದ್ಧವಾಗಿರುತ್ತದೆ, ಹಲ್ಲು ನಿರಪರಾಧಿಯೆಂದು. ಸಾಕ್ಷ್ಯವನ್ನು ಆಮೇಲೆ ಕೂಡಿಸುವುದು.

ಹಾಗೆಂದು ಭಯವಿಲ್ಲದವರು ಸರಿಯಾದ ಕಾರಣವನ್ನು ಕಂಡುಕೊಳ್ಳುವರೆಂದು ತಿಳಿಯಬಾರದು. ನಮ್ಮ ಸೋದರತ್ತೆಯೊಬ್ಬರು ಅರುವತ್ತು ದಾಟಿದವರು, ಬಹು ಧೈರ್ಯವಂತೆ. ಅವರ ಬಲಗೆನ್ನೆಯಲ್ಲಿ ಸಿಡಿಲು ಹೊಡೆದಂಥ ನೋವು ಕಾಣಿಸಿಕೊಂಡಿತು. ಬೆಳಗ್ಗೆ ಮುಖ ತೊಳೆಯಲು ಕೈಯೆತ್ತಿದರೆ ಒಂದು ಸಿಡಿಲು, ಮಾತಿಗೆ ತುಟಿ ಬಿಚ್ಚಿದರೆ ಒಂದು ಸಿಡಿಲು; ಕೆಲವು ಗಳಿಗೆಯಲ್ಲಿ ಏನೂ ಇಲ್ಲ. “ಕೀಳಿಸಿಬಿಟ್ಟರೆ ಪೀಡೆ ತೊಲಗುತ್ತೆ ಕಣಪ್ಪ, ನಿನ್ನ ಹಾಗೆ ನಾನೇನು ಹೆದರುಪುಕ್ಕಲಿಯೇ” ಎಂದು ನಮ್ಮನ್ನು ಹಂಗಿಸಿ, ಹಠಹಿಡಿದು ಒಂದಾದಮೇಲೊಂದರಂತೆ ಮೂರು ಹಲ್ಲುಗಳನ್ನು ಕೀಳಿಸಿಕೊಂಡರು. ಹಲ್ಲು ಹೋಯಿತು, ಸಿಡಿಲು ಹೋಗಲಿಲ್ಲ. ನಾವು ಹಲ್ಲಿನ ರೋಗವನ್ನು ಮೂಗಿನದೆಂದೆವು. ಅವರು ನರದ ರೋಗವನ್ನು ಹಲ್ಲಿನದೆಂದರು. ಹಗ್ಗವನ್ನು ಹಾವೆಂದು ಕಾಣುವುದು ಒಂದು ಭ್ರಾಂತಿ. ಹಾವನ್ನು ಹಗ್ಗವೆಂದು ಕಾಣುವುದು ಇನ್ನೊಂದು. ಎರಡಕ್ಕೂ ಬೇಕಾದ ಮದ್ದು ಒಂದೇ, ದೀಪ.

ಮುಖದ ನೋವು ಇಷ್ಟು ಮೋಸಮಾಡುವುದೇಕೆ? ಮುಖದ ಎಡಬಲಗಳಿಗೆ ಒಂದೊಂದರಂತೆ ಒಂದು ದೊಡ್ಡ ನರವಿದೆ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಇದು ಐದನೆಯದು. ಮೂರು ಕವಲುಗಳಾಗಿ ಒಡೆಯುವುದರಿಂದ ಇದನ್ನು ತ್ರಿಶಾಖಾ ನರವೆಂದು ಕರೆಯಬಹುದು. ಮೇಲಿನ ಶಾಖೆ ಹಣೆಗೂ ಕಣ್ಣಿಗೂ, ನಡುವಿನದು ಕೆನ್ನೆಗೂ ಮೇಲ್ದವಡೆಗೂ ಅಲ್ಲಿನ ಹಲ್ಲುಗಳಿಗೂ, ಕೆಳಗಿನದು ಕೆಳದವಡೆಗೂ ಅಲ್ಲಿನ ಹಲ್ಲುಗಳಿಗೂ ಕಿವಿಯ ಮುಂಭಾಗಕ್ಕೂ ಹೋಗುತ್ತವೆ. ಹಲ್ಲು, ಮೂಗಿನ ಪಕ್ಕದ ಗಾಳಿಗೂಡು, ಕೀಲು, ಸ್ನಾಯು, ಕಣ್ಣು ಇವೆಲ್ಲವೂ ತಮ್ಮ ದೂರನ್ನು ಒಂದೇ ತಂತಿಯ ಮೂಲಕ ಕಳುಹಿಸುತ್ತವೆ. ತಂತಿಯ ಆ ತುದಿಯಲ್ಲಿ ಕುಳಿತ ಮಿದುಳಿಗೆ ದೂರು ಬಂದುದು ಗೊತ್ತು. ಯಾವ ಮನೆಯಿಂದ ಬಂತೆಂಬುದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಹಲ್ಲಿನ ನಡುವಿನ ತಿರುಳಿಗೆ ನೋಯುವ ಶಕ್ತಿಯಿದೆಯೇ ಹೊರತು ತಾನೆಲ್ಲಿರುವೆನೆಂದು ತಿಳಿಸುವ ಶಕ್ತಿ ಬಹಳ ಕಡಮೆ. ಆದ್ದರಿಂದ ತಿರುಳು ಉರಿಯುವ ಕಾಲದಲ್ಲಿ ಕೆಳದವಡೆಯ ಹಲ್ಲಿನ ನೋವು ಕಿವಿಯಲ್ಲಿ ಕಾಣಿಸಬಹುದು, ಮೇಲಿನದು ಕಣತಲೆಯಲ್ಲಿ ಕಾಣಿಸಬಹುದು, ಮೇಲಿನ ಹಲ್ಲೋ ಕೆಳಗಿನದೋ ಎಂಬುದೇ ತಿಳಿಯದಿರಬಹುದು. ಉರಿಯೂತವು ಬೇರಿನ ತುದಿಯನ್ನು ದಾಟಿ ಹೊರಗಿನ ಕಟ್ಟನ್ನು ಮುಟ್ಟಿದ ಮೇಲೆಯೇ “ಇದೇ ಹಲ್ಲು” ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುತ್ತದೆ. ಆದರೆ ಹಲ್ಲಿನ ನೋವು ಮುಖದ ನಡುಗೆರೆಯನ್ನು ದಾಟಿ ಆಚೆಯ ಪಕ್ಕಕ್ಕೆ ಹೋಗುವುದು ಅಪೂರ್ವ.

ಹೀಗಿರುವಲ್ಲಿ, ನೋವಿರುವ ಸ್ಥಳಕ್ಕಿಂತ ನೋವಿನ ನಡತೆಯನ್ನು ಹೆಚ್ಚಾಗಿ ಗಮನಿಸಬೇಕು. ನಡತೆಯಿಂದ ಮನುಷ್ಯನನ್ನು ಅಳೆಯುವಂತೆ ನೋವನ್ನೂ ಅಳೆಯಬಹುದು. ಎಷ್ಟು ಹೊತ್ತು ಇರುತ್ತದೆ? ಯಾವುದರಿಂದ ಕೆರಳುತ್ತದೆ? ಯಾವುದರಿಂದ ಇಳಿಯುತ್ತದೆ? ಯಾವ ಹೊತ್ತಿನಲ್ಲಿ ಬರುತ್ತದೆ? ಅದರೊಡನೆ ಬರುವ ಪರಿವಾರವೇನು? ಈ ಐದು ಪ್ರಶ್ನೆಗಳು ಸಾಕು.

ಹಲ್ಲಿನಿಂದ ಹುಟ್ಟಿದ ನೋವು ಬಹುಮಟ್ಟಿಗೆ ಶೀತೋಷ್ಣಗಳಿಗೂ ಅಗಿಯುವುದಕ್ಕೂ ಉತ್ತರ ಕೊಡುತ್ತದೆ. ತಣ್ಣಗಿನದೋ ಸಿಹಿಯೋ ತಾಗಿದಾಗ ಜುಮ್ಮೆಂದು, ಅದನ್ನು ನುಂಗಿದ ಕೆಲವು ಕ್ಷಣಗಳಲ್ಲಿ ಇಳಿದುಹೋಗುವುದಾದರೆ, ತಿರುಳು ಇನ್ನೂ ಉಳಿಯುವ ಸ್ಥಿತಿಯಲ್ಲಿರುವ ಸಂಭವ ಹೆಚ್ಚು. ಒಂದು ಸಣ್ಣ ತುಂಬುವಿಕೆಯಿಂದ ಕೆಲಸ ಮುಗಿಯಬಹುದು. ತಣ್ಣಗಿನದು ಹೋದಮೇಲೂ ನೋವು ಬಹಳ ಹೊತ್ತು ನಿಂತರೆ, ಬಿಸಿ ಕಾಫಿಯಿಂದ ಕೆರಳಿದರೆ, ಕೆಣಕದೆ ತಾನಾಗಿಯೇ ಬಂದರೆ, ಮಲಗಿದಾಗ ಹೆಚ್ಚಾಗಿ ನಿದ್ರೆಗೆಡಿಸಿದರೆ, ತಿರುಳು ಕೆಟ್ಟಿತೆಂದು ತಿಳಿಯಬೇಕು. ಅಗಿದಾಗ, ವಿಶೇಷವಾಗಿ ಹಲ್ಲು ಕಚ್ಚಿ ಬಿಡುವ ಗಳಿಗೆಯಲ್ಲಿ, ಚುಚ್ಚಿದಂತಾದರೆ ಹಲ್ಲು ಬಿರುಕುಬಿಟ್ಟಿರಬಹುದು. ಒಂದು ಹಲ್ಲು ಎದ್ದು ನಿಂತಂತೆ ತೋರಿ, ಮುಟ್ಟಿದರೆ ನೋಯುವುದಾದರೆ ಬೇರಿನ ತುದಿಯಲ್ಲಿ ಕೀವು ಕೂಡುತ್ತಿರಬಹುದು. ಇನ್ನು, ತೀವ್ರವಾಗಿದ್ದ ಹಲ್ಲುನೋವು ಯಾವ ಚಿಕಿತ್ಸೆಯೂ ಇಲ್ಲದೆ ಒಮ್ಮೆಗೇ ನಿಂತುಹೋದರೆ, ನಮ್ಮಂತೆ ಪಾಯಸ ಮಾಡಿಸುವುದಕ್ಕೆ ಮುಂಚೆ ತಾವು ಸ್ವಲ್ಪ ಯೋಚಿಸಬೇಕು. ತಿರುಳು ಸತ್ತರೆ ನೋವೂ ನಿಲ್ಲುತ್ತದೆ; ರೋಗ ನಿಲ್ಲುವುದಿಲ್ಲ. ಮನೆಯ ನಾಯಿ ಬೊಗಳುವುದನ್ನು ಬಿಟ್ಟಿತೆಂದರೆ ಕಳ್ಳ ಹೋದನೆಂದೇ ಅರ್ಥವಲ್ಲ.

ಸೈನಸ್ಸಿನ ನೋವಿನ ರೀತಿ ಬೇರೆ. ನೆಗಡಿಯ ಹಿಂದೆಯೇ ಬರುವುದು, ಮೂಗು ಕಟ್ಟುವುದು, ತಲೆ ಬಗ್ಗಿಸಿದಾಗ ಕೆನ್ನೆ ಭಾರವಾಗುವುದು, ಮೇಲಿನ ದವಡೆಹಲ್ಲುಗಳಲ್ಲಿ ಒಂದಲ್ಲ, ಹಲವು ಒಟ್ಟಿಗೆ ಮಂದವಾಗಿ ನೋಯುವುದು ಅದರ ಲಕ್ಷಣ. ಮೇಲ್ದವಡೆಯ ಹಿಂಬದಿಯ ಹಲ್ಲುಗಳ ಬೇರುಗಳು ಕೆನ್ನೆಯ ಗಾಳಿಗೂಡಿನ ನೆಲಕ್ಕೆ ಬಹಳ ಸಮೀಪವಾಗಿವೆ. ಮೇಲಿನ ಮನೆಯವರ ಜಗಳ ಕೆಳಗಿನ ಮನೆಗೆ ಕೇಳಿಸುವಂತೆ, ಕೆಳಗಿನ ಮನೆಯ ಹೊಗೆ ಮೇಲಕ್ಕೂ ಹೋಗುತ್ತದೆ. ಹಲ್ಲಿನ ಬೇರಿನ ಕೀವು ಗಾಳಿಗೂಡಿನೊಳಕ್ಕೆ ಇಳಿದರೆ ಸೈನಸ್ಸಿನ ರೋಗವೇ ಹುಟ್ಟುತ್ತದೆ. ಅದು ಒಂದೇ ಪಕ್ಕದಲ್ಲಿರುವುದೂ, ದುರ್ವಾಸನೆಯಿಂದ ಕೂಡಿರುವುದೂ ವೈದ್ಯರಿಗೆ ಸಂಶಯ ಹುಟ್ಟಿಸುವ ಗುರುತುಗಳು.

ಮೂರನೆಯದು ದವಡೆಯ ಕೀಲು ಮತ್ತು ಅಗಿಯುವ ಸ್ನಾಯುಗಳ ನೋವು. ಇದು ಕಿವಿಯ ಮುಂದೆ, ಕೆನ್ನೆಯಲ್ಲಿ, ಕಣತಲೆಯಲ್ಲಿ ಮಂದವಾಗಿ ಕಾಣಿಸಿಕೊಳ್ಳುತ್ತದೆ. ಬಾಯಿ ತೆರೆದಾಗ ಕೀಲು ಕಟಕಟನೆ ಸದ್ದುಮಾಡಬಹುದು. ಆಕಳಿಸಿದರೆ, ಗಟ್ಟಿಯಾದುದನ್ನು ಅಗಿದರೆ ನೋಯಬಹುದು. ರಾತ್ರಿ ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ಬೆಳಗ್ಗೆ ಏಳುವಾಗಲೇ ದವಡೆ ದಣಿದಿರುತ್ತದೆ. ಚಿಂತೆಯುಳ್ಳವರು ತಮಗರಿವಿಲ್ಲದೆ ಹಗಲೆಲ್ಲ ಹಲ್ಲು ಬಿಗಿಹಿಡಿದಿರುವುದುಂಟು. ಈ ಭಾಷಣವನ್ನು ಕೇಳುತ್ತಿರುವಾಗಲೇ ತಾವು ಗಮನಿಸಿಕೊಳ್ಳಬಹುದು: ತುಟಿ ಮುಚ್ಚಿದ್ದರೂ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ಮುಟ್ಟದಿರುವುದೇ ದವಡೆಯ ವಿಶ್ರಾಂತಸ್ಥಿತಿ. ಹೆದರುವವರಿಗೆ ಇದೊಂದು ಸಮಾಧಾನದ ಸಂಗತಿ. ಈ ಬಗೆಯ ನೋವಿಗೆ ಕೊರೆಯುವುದೂ ಕೀಳುವುದೂ ಬೇಕಿಲ್ಲ. ಮೃದುವಾದ ಆಹಾರ, ಬಿಸಿಬಟ್ಟೆಯ ಶಾಖ, ದವಡೆಗೆ ಬಿಡುವು, ವೈದ್ಯರು ಹೇಳಿದ ವ್ಯಾಯಾಮ ಇಷ್ಟರಿಂದಲೇ ಬಹುಮಂದಿಗೆ ಗುಣವಾಗುತ್ತದೆ.

ನಾಲ್ಕನೆಯದು ನಮ್ಮ ಸೋದರತ್ತೆಯವರ ನೋವು. ಇದನ್ನು 1773ರಲ್ಲಿ ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ವಿವರವಾಗಿ ವರ್ಣಿಸಿದರು. ತ್ರಿಶಾಖಾ ನರವೇ ಕೆರಳಿ ಹುಟ್ಟಿಸುವ ಶೂಲೆಯಿದು. ವಿದ್ಯುತ್ತು ತಾಗಿದಂಥ ನೋವು, ಕ್ಷಣದಿಂದ ಹಿಡಿದು ಎರಡು ನಿಮಿಷದವರೆಗೆ. ನಡುನಡುವೆ ಪೂರ್ಣ ಬಿಡುವು. ಸಾಮಾನ್ಯವಾಗಿ ಒಂದೇ ಪಕ್ಕ. ಐವತ್ತು ದಾಟಿದವರಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೆನ್ನೆಗೆ ಗಾಳಿ ಬೀಸುವುದು, ಮುಖ ತೊಳೆಯುವುದು, ಕ್ಷೌರ, ಹಲ್ಲುಜ್ಜುವುದು, ಮಾತು ಮುಂತಾದ ನಿರುಪದ್ರವವಾದ ಸ್ಪರ್ಶಗಳೇ ಇದಕ್ಕೆ ಕಿಡಿ. ಬಹುಜನರಲ್ಲಿ, ಮಿದುಳಿನ ಬುಡದಲ್ಲಿ ಒಂದು ರಕ್ತನಾಳವು ನರದ ಮೂಲವನ್ನು ಒತ್ತುತ್ತಿರುವುದೇ ಕಾರಣವೆಂದು ಕಂಡುಬಂದಿದೆ. 1962ರಿಂದ ಇದಕ್ಕೆ ಕಾರ್ಬಮಜೆಪೀನ್ ಎಂಬ ಔಷಧವು ಬಳಕೆಗೆ ಬಂತು. ಇಂದಿಗೂ ಅದು ಮೊದಲು ಕೊಡುವ ಔಷಧಗಳಲ್ಲೊಂದು. ಕೆಲವರ ಚರ್ಮಕ್ಕೂ ರಕ್ತಕ್ಕೂ ಅದು ಅಪಾಯ ತರಬಹುದಾದ್ದರಿಂದ ವೈದ್ಯರ ನಿಗಾದಲ್ಲಿಯೇ ತೆಗೆದುಕೊಳ್ಳಬೇಕು. ಹಲ್ಲಿನ ಹತ್ತಿರವೇ ಸಿಡಿಯುವ ಈ ನೋವಿಗಾಗಿ ಗಟ್ಟಿಮುಟ್ಟಾದ ಹಲ್ಲುಗಳನ್ನು ಕಳೆದುಕೊಂಡವರು ನಮ್ಮ ಅತ್ತೆಯೊಬ್ಬರೇ ಅಲ್ಲ. ವೈದ್ಯಗ್ರಂಥಗಳಲ್ಲಿ ಈ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ.

ಇವುಗಳಲ್ಲದೆ ಇನ್ನು ಕೆಲವು ಕಾರಣಗಳಿವೆ. ಅವು ವಿರಳವಾದರೂ ಸಾವಕಾಶವನ್ನು ಸಹಿಸುವುದಿಲ್ಲ. ನಡೆಯುವಾಗಲೋ ಮೆಟ್ಟಿಲೇರುವಾಗಲೋ ಕೆಳದವಡೆಯಲ್ಲಿ ನೋವು ಹುಟ್ಟಿ, ನಿಂತರೆ ಇಳಿಯುವುದಾದರೆ ಹೃದಯವನ್ನು ಪರೀಕ್ಷಿಸಬೇಕು. ಅದರೊಡನೆ ಎದೆ ಹಿಡಿದು ಬೆವರು ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆಯಲ್ಲಿ ನೋವು, ಅಗಿಯುತ್ತ ಅಗಿಯುತ್ತ ದವಡೆ ಸೋತುಬರುವುದು, ಕಣ್ಣು ಮಂಜಾಗುವುದು ಇವು ಕೂಡಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಅದು ದೃಷ್ಟಿಯನ್ನು ಕಳೆಯಬಲ್ಲ ರಕ್ತನಾಳದ ಉರಿಯೂತವಾಗಿರಬಹುದು. ಗದ್ದದ ಕೆಳಗೋ ಕಣ್ಣಿನ ಸುತ್ತಲೋ ಊತವೇರಿ, ಜ್ವರ ಬಂದು, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಭಯಕ್ಕೂ ಅಲ್ಲಿ ಎಡೆಯಿಲ್ಲ. ಹಲ್ಲಿನ ಕೀವು ಕತ್ತಿನೊಳಗಿಳಿದು ಪ್ರಾಣಕ್ಕೇ ಮುಟ್ಟಬಹುದು. ಮುಖದ ಒಂದು ಭಾಗವು ಸ್ಪರ್ಶಜ್ಞಾನವನ್ನು ಕಳೆದುಕೊಂಡರೆ, ಬಾಯೊಳಗಿನ ಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ, ಬಾಯಿ ದಿನದಿನಕ್ಕೆ ಕಿರಿದಾಗುತ್ತ ಬಂದರೆ ತಡಮಾಡಬಾರದು. ಅಡಿಕೆ ಹೊಗೆಸೊಪ್ಪುಗಳ ಅಭ್ಯಾಸ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ ಈ ಮಾತನ್ನು ಎರಡು ಸಲ ಹೇಳಬೇಕು.

ಇಷ್ಟು ತಿಳಿದಮೇಲೆ, ಮನೆಯಲ್ಲಿಯೇ ಕುಳಿತು ರೋಗನಿರ್ಣಯ ಮಾಡಿಕೊಳ್ಳಬಹುದಲ್ಲ ಎಂದು ಭಯಗ್ರಸ್ತರಾದ ನಮ್ಮ ಬಂಧುಗಳು ಹಿಗ್ಗಬಹುದು. ಈ ಲಕ್ಷಣಗಳ ಪಟ್ಟಿ ವೈದ್ಯರ ಬಳಿಗೆ ಹೋಗದಿರುವುದಕ್ಕೆ ರಹದಾರಿಯಲ್ಲ. ಹೋದಾಗ ಸರಿಯಾಗಿ ಮಾತನಾಡುವುದಕ್ಕೆ ಒಂದು ಸಿದ್ಧತೆ. ಎರಡು ವಾರ ನಾವು ಒಂದು ಸಣ್ಣ ಪುಸ್ತಕದಲ್ಲಿ ಮೇಲಿನ ಐದು ಪ್ರಶ್ನೆಗಳಿಗೆ ದಿನವೂ ಉತ್ತರ ಬರೆದೆವು. ನೋವು ಬಂದ ಹೊತ್ತು, ಇದ್ದ ಕಾಲ, ಆಗ ಮಾಡುತ್ತಿದ್ದ ಕೆಲಸ, ತೆಗೆದುಕೊಂಡ ಮಾತ್ರೆ. ಬರೆದುದು ಸುಳ್ಳು ಹೇಳುವುದಿಲ್ಲ. “ಎಡಮೂಗು ಮಾತ್ರ”, “ಎಡಪಕ್ಕದಿಂದ ಅಗಿಯಲಿಲ್ಲ”, “ಎಡಪಕ್ಕದಿಂದ ಅಗಿಯಲಿಲ್ಲ” ಎಂಬ ನಮ್ಮದೇ ಅಕ್ಷರಗಳು ಹದಿನಾಲ್ಕು ದಿನ ಸಾಲಾಗಿ ನಿಂತು ನಮ್ಮನ್ನು ನೋಡಿದವು. ನಮ್ಮೊಳಗಿನ ವಕೀಲನಿಗೆ ವಾದ ಉಳಿಯಲಿಲ್ಲ.

ಆದರೂ ಕಾಲು ಏಳಲಿಲ್ಲ. ಆಗ ಒಂದು ಸಣ್ಣ ವಿಚಾರ ಹೊಳೆಯಿತು. ನಾವು ಹೆದರುತ್ತಿದ್ದುದು ಚಿಕಿತ್ಸೆಗೆ, ತಪ್ಪಿಸಿಕೊಳ್ಳುತ್ತಿದ್ದುದು ಪರೀಕ್ಷೆಯನ್ನು. ಬಾಲ್ಯದಲ್ಲಿ ಎರಡೂ ಒಂದೇ ಕುರ್ಚಿಯಲ್ಲಿ ಒಂದೇ ಗಳಿಗೆಯಲ್ಲಿ ನಡೆದುಹೋದುದರಿಂದ, ಎರಡೂ ಒಂದೇ ಎಂದು ಮನಸ್ಸು ಗಂಟುಹಾಕಿಕೊಂಡಿತ್ತು. ಗಂಟನ್ನು ಬಿಚ್ಚಿದರಾಯಿತಲ್ಲ! ನಾವು ಒಬ್ಬ ದಂತವೈದ್ಯರಿಗೆ ಪತ್ರ ಬರೆದೆವು: “ನಾವು ಬಹಳ ಹೆದರುವವರು. ಬರುವ ದಿನ ತಾವು ಕಾರಣವನ್ನು ಮಾತ್ರ ಕಂಡುಹಿಡಿಯಬೇಕು. ಯಾವ ಚಿಕಿತ್ಸೆಯನ್ನೂ ಮಾಡಕೂಡದು. ಒಪ್ಪಿಗೆಯಿದ್ದರೆ ತಿಳಿಸಬೇಕು.” ಒಪ್ಪಿಗೆಯ ಉತ್ತರ ಬಂತು. ಹೀಗೆ ಬರೆಯುವುದಕ್ಕೆ ನಾಚಿಕೆಪಡಬೇಕಾಗಿಲ್ಲವೆಂದು ನಾವು ಇಂದು ದೃಢವಾಗಿ ಹೇಳಬಲ್ಲೆವು. ಭಯವನ್ನು ಮುಚ್ಚಿಟ್ಟುಕೊಂಡ ರೋಗಿಗಿಂತ ಹೇಳಿಕೊಂಡ ರೋಗಿಯನ್ನು ನೋಡುವುದು ವೈದ್ಯರಿಗೂ ಸುಲಭ.

ಪರೀಕ್ಷೆಯಲ್ಲಿ ಏನು ನಡೆಯುತ್ತದೆ? ಮೊದಲು ಮಾತು, ನಮ್ಮ ಪುಸ್ತಕವನ್ನು ಅವರು ಓದಿದರು. ಬಳಿಕ ಬೆರಳಿನಿಂದ ಕೆನ್ನೆ, ಕೀಲು, ಸ್ನಾಯುಗಳನ್ನು ಒತ್ತಿನೋಡಿದರು. ಚಿಕ್ಕ ಕನ್ನಡಿಯಿಂದ ಒಸಡನ್ನೂ ಹಲ್ಲನ್ನೂ ನೋಡಿದರು. ಹಲ್ಲುಗಳನ್ನು ಒಂದೊಂದಾಗಿ ಮೆಲ್ಲನೆ ತಟ್ಟಿದರು. ತಣ್ಣಗಿನ ಹತ್ತಿಯನ್ನು ಒಂದೊಂದಕ್ಕೂ ಮುಟ್ಟಿಸಿದರು. ಜೀವವಿದ್ದ ಹಲ್ಲುಗಳು ಕ್ಷಣಕಾಲ ಜುಮ್ಮೆಂದವು, ಎಡಮೇಲ್ದವಡೆಯ ಒಂದು ಹಲ್ಲು ಏನೂ ಹೇಳದೆ ಸುಮ್ಮನಿತ್ತು. ಪಾಯಸ ಮಾಡಿಸಿದ ಹಲ್ಲು ಅದೇ. ಆಮೇಲೆ ಕ್ಷಕಿರಣದ ಚಿತ್ರ. ರಾಂಟ್‌ಗನ್ ಮಹಾಶಯರು 1895ರಲ್ಲಿ ಆ ಕಿರಣಗಳನ್ನು ಕಂಡುಹಿಡಿದ ಮರುವರ್ಷವೇ ಜರ್ಮನಿಯ ದಂತವೈದ್ಯ ಆಟೋ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರವನ್ನು ತೆಗೆದರು. ಅದಕ್ಕಾಗಿ ಇಪ್ಪತ್ತೈದು ನಿಮಿಷ ಅಲುಗದೆ ಇರಬೇಕಾಯಿತು. ನಮಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಚಿತ್ರದಲ್ಲಿ ಬೇರಿನ ತುದಿಯಲ್ಲೊಂದು ಕರಿಯ ಮಚ್ಚೆ, ಅದರ ಮೇಲೆ ಮಸುಕಾದ ಗಾಳಿಗೂಡು. ಸೈನಸ್ಸಿನ ರೋಗವೆಂದು ನಾವು ಹೇಳುತ್ತಿದ್ದುದು ನಿಜವೇ ಆಗಿತ್ತು. ಅದನ್ನು ಹುಟ್ಟಿಸಿದುದು ಮಾತ್ರ ಹಲ್ಲು. ಭಯವು ನಮಗೆ ಅರ್ಧ ಸತ್ಯವನ್ನು ಕೊಟ್ಟು, ಉಳಿದರ್ಧವನ್ನು ತನ್ನ ಬಳಿಯೇ ಇಟ್ಟುಕೊಂಡಿತ್ತು. ಈ ಪರೀಕ್ಷೆಗೆಲ್ಲ ಅರ್ಧಗಂಟೆ ಹಿಡಿಯಿತು. ವೈದ್ಯರು ಮಾತಿಗೆ ತಪ್ಪಲಿಲ್ಲ. ಉಪಕರಣಗಳನ್ನು ಕೆಳಗಿಟ್ಟು, “ಇವತ್ತಿಗೆ ಇಷ್ಟೆ, ಮನೆಗೆ ಹೋಗಿ ಯೋಚನೆ ಮಾಡಿ” ಎಂದರು. ಮೂವತ್ತು ವರ್ಷದ ಹಿಂದೆ ಸುಳ್ಳಾಗಿದ್ದ “ಸುಮ್ಮನೆ ನೋಡುತ್ತಾರೆ” ಎಂಬ ಮಾತು ಅಂದು ನಿಜವಾಯಿತು. ಕುರ್ಚಿಯಿಂದೇಳುವಾಗ ನಮ್ಮ ಕಣ್ಣು ಒದ್ದೆಯಾಯಿತೆಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

ಮುಂದಿನ ಚಿಕಿತ್ಸೆಯ ವಿಷಯವಾಗಿ ಎರಡು ಮಾತು. ಕೋರಾ ಎಂಬ ಅಮೆರಿಕದ ವಿದ್ವಾಂಸರು 1969ರಲ್ಲಿ ದಂತಚಿಕಿತ್ಸೆಯ ಭಯವನ್ನು ಅಳೆಯುವುದಕ್ಕೆ ನಾಲ್ಕು ಪ್ರಶ್ನೆಗಳನ್ನು ರಚಿಸಿದರು. ನಾಳೆ ಹೋಗಬೇಕೆಂದಾಗ ಹೇಗನಿಸುತ್ತದೆ, ಹೊರಗೆ ಕಾದು ಕುಳಿತಾಗ ಹೇಗೆ, ಕೊರೆಯುವ ಯಂತ್ರವನ್ನು ಸಿದ್ಧಮಾಡುತ್ತಿರುವಾಗ ಹೇಗೆ, ಹಲ್ಲು ಶುಚಿಮಾಡುವ ಸಾಧನಗಳನ್ನು ತೆಗೆಯುತ್ತಿರುವಾಗ ಹೇಗೆ. ನಾಲ್ಕರಲ್ಲಿ ಒಂದಾದರೂ ಚಿಕಿತ್ಸೆ ನಡೆಯುತ್ತಿರುವ ಗಳಿಗೆಯದಲ್ಲ; ನಾಲ್ಕೂ ಅದಕ್ಕೆ ಮುಂಚಿನವು. ಭಯದ ಮನೆ ಅಲ್ಲಿಯೇ ಇರುವುದು. ನೋವನ್ನು ತಡೆಯುವ ವಿದ್ಯೆಯಾದರೋ ಬಹಳ ಮುಂದುವರಿದಿದೆ. 1844ರಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯರು ನಗೆಯನಿಲವನ್ನು ಸೇದಿ ತಮ್ಮ ಹಲ್ಲನ್ನೇ ಕೀಳಿಸಿಕೊಂಡು ನೋಡಿದರು. 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾದ ಲಿಡೊಕೇನ್ ಇಂದು ಲೋಕದಲ್ಲೆಲ್ಲ ಜೋಮು ಹಿಡಿಸುವ ಮದ್ದಾಗಿ ಬಳಕೆಯಲ್ಲಿದೆ. ಚುಚ್ಚುವ ಮುನ್ನ ಒಸಡಿಗೆ ಲೇಪ ಹಚ್ಚಿಸಿಕೊಳ್ಳಬಹುದು. ಮದ್ದಿನೊಡನೆ ಸೇರಿಸುವ ಅಡ್ರಿನಲೀನಿನಿಂದ ಕೆಲವು ನಿಮಿಷ ಎದೆ ಹೊಡೆದುಕೊಳ್ಳಬಹುದು. ಅದನ್ನು ಭಯವೆಂದು ತಿಳಿದು ಮತ್ತಷ್ಟು ಭಯಪಡಬೇಕಾಗಿಲ್ಲ. ಕೈಯೆತ್ತಿದರೆ ನಿಲ್ಲಿಸಬೇಕೆಂದು ವೈದ್ಯರೊಡನೆ ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು. ನಾವು ಮೊದಲನೆಯ ದಿನ ಐದು ಸಲ ಕೈಯೆತ್ತಿದೆವು, ಮೂರು ಸಲ ಕೇವಲ ಪರೀಕ್ಷಿಸುವುದಕ್ಕಾಗಿ. ಐದು ಸಲವೂ ಯಂತ್ರ ನಿಂತಿತು. ಮರುದಿನದಿಂದ ಎತ್ತುವ ಅವಶ್ಯಕತೆ ಕಾಣಲಿಲ್ಲ.

ಒಂದು ಕಹಿಮಾತನ್ನೂ ಮುಚ್ಚಿಡಬಾರದು. ತಿರುಳು ತೀವ್ರವಾಗಿ ಉರಿಯುತ್ತಿರುವ ಹಲ್ಲಿಗೆ, ಅದರಲ್ಲಿಯೂ ಕೆಳದವಡೆಯ ಹಿಂಬದಿಯದಕ್ಕೆ, ಜೋಮಿನ ಮದ್ದು ಒಂದೇ ಸಲಕ್ಕೆ ಪೂರ್ತಿಯಾಗಿ ಹಿಡಿಯದಿರುವುದುಂಟು, ಹೆಚ್ಚಿಗೆ ಹಾಕಬೇಕಾಗುತ್ತದೆ. ಅಂದರೆ, ನೋವಿಗೆ ಹೆದರಿ ತಡಮಾಡುವವರೇ ನೋವಾಗುವ ಸಂಭವವನ್ನು ಹೆಚ್ಚಿಸಿಕೊಳ್ಳುತ್ತಾರೆ. ಸಣ್ಣ ತುಂಬುವಿಕೆಯಿಂದ ಮುಗಿಯಬಹುದಾಗಿದ್ದ ನಮ್ಮ ಹಲ್ಲಿಗೆ ಬೇರಿನ ಚಿಕಿತ್ಸೆ ಬೇಕಾಯಿತು, ಮೂರು ಸಲ ಹೋಗಬೇಕಾಯಿತು. ಕಾಯುವ ಕಾಲದಲ್ಲಿ ಒಸಡಿನ ಮೇಲೆ ಆಸ್ಪಿರಿನ್ ಮಾತ್ರೆಯನ್ನಿಟ್ಟುಕೊಳ್ಳುವವರಿದ್ದಾರೆ. ಅದರಿಂದ ಒಸಡು ಸುಡುತ್ತದೆಯೇ ಹೊರತು ಹಲ್ಲಿಗೆ ಲಾಭವಿಲ್ಲ. ಲವಂಗದ ಎಣ್ಣೆ ಸ್ವಲ್ಪ ಹೊತ್ತು ನೋವನ್ನು ಮರೆಸುತ್ತದೆ; ಕಾರಣವನ್ನು ತೆಗೆಯುವುದಿಲ್ಲ.

ನಮ್ಮ ಮೂಗು ಕೆಲವು ವಾರಗಳಲ್ಲಿ ಶುಚಿಯಾಯಿತು. ಮತ್ತೆ ಮೊಸರು ಊಟಮಾಡುತ್ತಿದ್ದೇವೆ. ಸೋದರತ್ತೆಯವರನ್ನು ನಾವೇ ಜೊತೆಯಲ್ಲಿ ನರರೋಗದ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರ ನೋವಿನ ನಡತೆಯನ್ನು ಕೇಳಿದ ಹತ್ತು ನಿಮಿಷದಲ್ಲಿಯೇ ವೈದ್ಯರಿಗೆ ಅದರ ಹೆಸರು ಹೊಳೆಯಿತು. ಔಷಧದಿಂದ ಸಿಡಿಲು ಬಹುಮಟ್ಟಿಗೆ ಅಡಗಿದೆ. ಹೋದ ಮೂರು ಹಲ್ಲು ಮಾತ್ರ ಹೋದವು. “ನೀನು ಹೆದರಿ ಕೆಡಿಸಿಕೊಂಡೆ, ನಾನು ಹೆದರದೆ ಕೆಡಿಸಿಕೊಂಡೆ ಕಣಪ್ಪ” ಎಂದು ಅವರು ಒಮ್ಮೆ ನಕ್ಕರು. ಈ ವಿಷಯದಲ್ಲಿ ಅದಕ್ಕಿಂತ ಚೆನ್ನಾಗಿ ನಾವು ಹೇಳಬಲ್ಲುದು ಏನೂ ಇಲ್ಲ.

ಆದಕಾರಣ, ಶ್ರೋತೃಗಳೆ, ಈ ರಾತ್ರಿ ಯಾರಾದರೂ ಕೆನ್ನೆಗೆ ಕೈಯಾನಿಸಿಕೊಂಡು ಈ ಮಾತುಗಳನ್ನು ಕೇಳುತ್ತಿದ್ದರೆ, ಅವರಲ್ಲಿ ನಮ್ಮ ಬಿನ್ನಹ ಇಷ್ಟೆ. ನಾಳೆಯೇ ಧೈರ್ಯಶಾಲಿಗಳಾಗಬೇಕಾಗಿಲ್ಲ. ಆಪತ್ತಿನ ಲಕ್ಷಣಗಳೇನಾದರೂ ಇದ್ದರೆ ಈಗಲೇ ಹೊರಡಿ. ಇಲ್ಲವಾದರೆ, ಒಂದು ಕಾಗದವನ್ನು ತೆಗೆದುಕೊಂಡು ನೋವಿನ ನಡತೆಯನ್ನು ಬರೆಯಿರಿ. ಅದನ್ನು ಹಿಡಿದುಕೊಂಡು ನೋಡಿಸಿಕೊಳ್ಳುವುದಕ್ಕೆ ಮಾತ್ರ ಹೋಗಿ. ನೋಡುವುದು ಬೇರೆ, ಕೀಳುವುದು ಬೇರೆ. ಇದನ್ನು ತಿಳಿಯಲು ನಮಗೆ ಮೂವತ್ತು ವರ್ಷ ಹಿಡಿಯಿತು. ತಮಗೆ ಈ ಒಂದು ಸಂಜೆ ಸಾಕಾಗಲಿ.